ಚೆನ್ನೈಯಿಂದ ಲೋಕಸಭೆಗೆ: ನಮ್ಮ ಪ್ರತಿನಿಧಿಯ ಆಯ್ಕೆ ಹೇಗೆ?

‘ತಮ್ಮ ಊರು ಯಾವುದು?’ ಎಂದು ಯಾರಾದರೂ ಕೇಳಿದರೆ, ಚೆನ್ನೈಯಲ್ಲಿ ಮೂರು ತಲೆಮಾರು ಕಳೆದ ಕನ್ನಡಿಗರೂ ಉಡುಪಿ, ಮೈಸೂರು, ಧಾರವಾಡ ಎಂದೇ ಉತ್ತರಿಸುತ್ತೇವೆ. ಇದು ಸಹಜವಾದ ಅಭಿಮಾನ. ಆದರೆ ಲೋಕಸಭೆಯಲ್ಲಿ ನಮ್ಮ ಪರವಾಗಿ ಮಾತನಾಡಬೇಕಾದವರು ಹುಟ್ಟೂರಿನ ಸದಸ್ಯರಲ್ಲ, ನಾವು ವಾಸಿಸುವ ಕ್ಷೇತ್ರದ ಸದಸ್ಯರು. ಅವರ ಆಯ್ಕೆ ನಡೆಯುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಯತ್ನಿಸಿದ್ದೇವೆ.

ಮೂರು ಕ್ಷೇತ್ರಗಳು

ಲೋಕಸಭೆಗೆ ಕರ್ನಾಟಕದಿಂದ 28 ಸದಸ್ಯರು ಆಯ್ಕೆಯಾದರೆ ತಮಿಳುನಾಡಿನಿಂದ 39 ಸದಸ್ಯರು ಆಯ್ಕೆಯಾಗುತ್ತಾರೆ. ಇವುಗಳಲ್ಲಿ ಉತ್ತರ ಚೆನ್ನೈ, ಮಧ್ಯ ಚೆನ್ನೈ ಮತ್ತು ದಕ್ಷಿಣ ಚೆನ್ನೈ ಎಂಬ ಮೂರು ಕ್ಷೇತ್ರಗಳು ಈ ಮಹಾನಗರದವು. ಪ್ರತಿಯೊಂದರಲ್ಲಿಯೂ ಆರು ವಿಧಾನಸಭಾ ಕ್ಷೇತ್ರಗಳಿವೆ. ಉದಾಹರಣೆಗೆ, ದಕ್ಷಿಣ ಚೆನ್ನೈಯಲ್ಲಿ ವಿರುಗಂಬಾಕ್ಕಂ, ಸೈದಾಪೇಟೆ, ತ್ಯಾಗರಾಯನಗರ, ಮೈಲಾಪುರ, ವೇಳಚ್ಚೇರಿ ಮತ್ತು ಶೋಳಿಂಗನಲ್ಲೂರು ಸೇರಿವೆ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಈ ಗಡಿಗಳು ನಿಗದಿಯಾದವು.

1951-52ರ ಮೊದಲ ಮಹಾಚುನಾವಣೆಯಲ್ಲಿ ಮದರಾಸು ನಗರಕ್ಕೆ ಒಂದೇ ಸ್ಥಾನವಿದ್ದು, ಟಿ. ಟಿ. ಕೃಷ್ಣಮಾಚಾರಿ ಆಯ್ಕೆಯಾಗಿದ್ದರು. ದಕ್ಷಿಣ ಮದರಾಸಿನಿಂದ 1967ರಲ್ಲಿ ಗೆದ್ದ ಸಿ. ಎನ್. ಅಣ್ಣಾದುರೈ ಮುಖ್ಯಮಂತ್ರಿಯಾದ ಕಾರಣ ಆ ಸ್ಥಾನವನ್ನು ತೆರವು ಮಾಡಿದರು. ಮುಂದೆ ರಾಷ್ಟ್ರಪತಿಯಾದ ಆರ್. ವೆಂಕಟರಾಮನ್ 1977 ಮತ್ತು 1980ರಲ್ಲಿಯೂ, ನಟಿ ವೈಜಯಂತಿಮಾಲಾ 1984 ಮತ್ತು 1989ರಲ್ಲಿಯೂ ಇದೇ ಕ್ಷೇತ್ರದಿಂದ ಗೆದ್ದರು.

ಅಭ್ಯರ್ಥಿ ಎಲ್ಲಿಯವರು, ಮತದಾರರು ಎಲ್ಲಿಯವರು?

ಲೋಕಸಭೆಗೆ ಸ್ಪರ್ಧಿಸುವವರಿಗೆ 25 ವರ್ಷ ತುಂಬಿರಬೇಕು. ಅವರು ದೇಶದ ಯಾವುದಾದರೊಂದು ಕ್ಷೇತ್ರದಲ್ಲಿ ಮತದಾರರಾಗಿರಬೇಕೇ ಹೊರತು ಸ್ಪರ್ಧಿಸುವ ಕ್ಷೇತ್ರದವರೇ ಆಗಿರಬೇಕೆಂದಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ದಕ್ಷಿಣ ಮುಂಬಯಿಯಿಂದಲೂ 1977ರಲ್ಲಿ ಬಿಹಾರದ ಮುಜಫ್ಫರಪುರದಿಂದಲೂ ಗೆದ್ದದ್ದು ಹೀಗೆ.

ಮತದಾರರಿಗೆ ಈ ಸ್ವಾತಂತ್ರ್ಯವಿಲ್ಲ. 18 ವರ್ಷ ತುಂಬಿದ ನಾಗರಿಕರು ತಾವು ‘ಸಾಮಾನ್ಯವಾಗಿ ವಾಸಿಸುವ’ ಸ್ಥಳದಲ್ಲಿ ಮಾತ್ರ ಹೆಸರು ನೋಂದಾಯಿಸಬೇಕು. ಊರಿನಲ್ಲಿ ಮನೆ, ತೋಟಗಳಿವೆ ಎಂಬುದಷ್ಟೇ ಅಲ್ಲಿ ಮತದಾರರಾಗಲು ಸಾಲದು. ಎರಡು ಕಡೆ ಹೆಸರಿರುವುದನ್ನು 1950ರ ಜನತಾ ಪ್ರಾತಿನಿಧ್ಯ ಕಾಯ್ದೆ ನಿಷೇಧಿಸಿದೆ. ಲೋಕಸಭೆಗೆಂದು ಪ್ರತ್ಯೇಕ ಪಟ್ಟಿಯಿಲ್ಲ. ಆರು ವಿಧಾನಸಭಾ ಕ್ಷೇತ್ರಗಳ ಪಟ್ಟಿಗಳೇ ಸೇರಿ ಲೋಕಸಭಾ ಕ್ಷೇತ್ರದ ಪಟ್ಟಿಯಾಗುತ್ತದೆ.

ನಾಮಪತ್ರದಿಂದ ಎಣಿಕೆಯವರೆಗೆ

ಅಭ್ಯರ್ಥಿಯು ನಾಮಪತ್ರದೊಡನೆ 25,000 ರೂಪಾಯಿ ಠೇವಣಿ ಇಡಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದರ ಅರ್ಧ. ಸೋತವರಿಗೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ದೊರೆಯದಿದ್ದರೆ ಠೇವಣಿ ಮುಟ್ಟುಗೋಲಾಗುತ್ತದೆ. ಎಣಿಕೆಯು ವಿಧಾನಸಭಾ ಕ್ಷೇತ್ರವಾರು ನಡೆಯುತ್ತದೆ. ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಯಂತ್ರದ ಲೆಕ್ಕವನ್ನು ಮುದ್ರಿತ ಚೀಟಿಗಳೊಡನೆ ತಾಳೆ ನೋಡುವ ಪದ್ಧತಿ 2019ರಿಂದ ಇದೆ. ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ವಿಜಯಿ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. ಮತದಾನಕ್ಕೆ ಬಾರದವರ ಅಭಿಪ್ರಾಯ ಯಾವ ಲೆಕ್ಕಕ್ಕೂ ಸೇರದು. 2024ರ ಏಪ್ರಿಲ್ 19ರಂದು ತಮಿಳುನಾಡಿನಲ್ಲಿ ಒಟ್ಟಾರೆ ಶೇಕಡಾ 69ಕ್ಕೂ ಹೆಚ್ಚು ಮತದಾನವಾದರೆ, ದಕ್ಷಿಣ ಮತ್ತು ಮಧ್ಯ ಚೆನ್ನೈಗಳಲ್ಲಿ ಸುಮಾರು 54ರಷ್ಟು ಮಾತ್ರ ಆಯಿತು.

ಪಟ್ಟಿಯಲ್ಲಿ ಹೆಸರಿದೆಯೇ?

ಬ್ಯಾಂಕಿನ ನೌಕರರಾದ ನಮಗೆ ಚುನಾವಣಾ ಕರ್ತವ್ಯ ಹೊಸದಲ್ಲ. ಗುರುತಿನ ಚೀಟಿ ಹಿಡಿದು ಬೆಳಿಗ್ಗೆಯೇ ಸಾಲಿನಲ್ಲಿ ನಿಂತ ಹಿರಿಯರೊಬ್ಬರು, ಪಟ್ಟಿಯಲ್ಲಿ ಹೆಸರಿಲ್ಲದೆ ಹಿಂದಿರುಗಿದುದನ್ನು ಕಂಡಿದ್ದೇವೆ. ಅವರು ಬಡಾವಣೆ ಬದಲಿಸಿದ್ದರು, ವಿಳಾಸ ಬದಲಿಸಿರಲಿಲ್ಲ. ಮತದಾನದ ಹಕ್ಕು ನಿಂತಿರುವುದು ಪಟ್ಟಿಯಲ್ಲಿರುವ ಹೆಸರಿನ ಮೇಲೆ. ಚೀಟಿ ಗುರುತಿಗೆ ಮಾತ್ರ. 2025ರ ಡಿಸೆಂಬರ್‌ನಲ್ಲಿ ವಿಶೇಷ ಪರಿಷ್ಕರಣೆಯ ಕರಡು ಪಟ್ಟಿ ಪ್ರಕಟವಾದಾಗ ತಮಿಳುನಾಡಿನಲ್ಲಿ ಸುಮಾರು 97 ಲಕ್ಷ ಹೆಸರುಗಳು ಕೈಬಿಟ್ಟುಹೋಗಿದ್ದವು. ಮರಣ, ಇಮ್ಮಡಿ ನೋಂದಣಿಗಳೊಡನೆ ಸ್ಥಳಾಂತರವೂ ಅದಕ್ಕೆ ಮುಖ್ಯ ಕಾರಣವಾಗಿತ್ತು. ವರ್ಗಾವಣೆ, ಬಾಡಿಗೆ ಮನೆಗಳ ನಡುವೆ ಬದುಕುವ ನಮ್ಮಂಥವರು ಇದನ್ನು ಗಮನಿಸಬೇಕು.

ಹೊಸ ನೋಂದಣಿಗೆ ನಮೂನೆ 6, ವಿಳಾಸ ಬದಲಾವಣೆಗೆ ಹಾಗೂ ತಿದ್ದುಪಡಿಗೆ ನಮೂನೆ 8 ಇವೆ. ಚುನಾವಣೆ ಘೋಷಣೆಯಾಗುವವರೆಗೆ ಕಾಯದೆ, ಬಿಡುವಾದ ಒಂದು ದಿನ ಮನೆಯವರೆಲ್ಲರ ಹೆಸರುಗಳನ್ನು ಪರಿಶೀಲಿಸಿಕೊಳ್ಳೋಣ. ಹುಟ್ಟೂರಿನ ಅಭಿಮಾನ ಮನಸ್ಸಿನಲ್ಲಿರಲಿ, ಹೆಸರು ಮಾತ್ರ ಅನ್ನ ನೀಡಿದ ಊರಿನ ಪಟ್ಟಿಯಲ್ಲಿರಲಿ.