ಇಟ್ಟಿಗೆ ಪುಡಿಯ ಮೇಲೆ ಎರಡು ವಾರ

ಪ್ಯಾರಿಸ್ ನಗರದ ಪಶ್ಚಿಮದ ಅಂಚಿನಲ್ಲಿ ರೋಲ್ಯಾಂಡ್ ಗ್ಯಾರೋಸ್ ಕ್ರೀಡಾಂಗಣವಿದೆ. ಮೇ ಕೊನೆಯ ದಿನಗಳಿಂದ ಜೂನ್ ಆರಂಭದವರೆಗೆ ಪ್ರತಿ ವರ್ಷ ಇಲ್ಲಿ ಫ್ರೆಂಚ್ ಓಪನ್ ನಡೆಯುತ್ತದೆ. ನಾಲ್ಕು ಗ್ರ್ಯಾನ್‌ಸ್ಲಾಮ್ ಟೂರ್ನಿಗಳ ಪೈಕಿ ಆವೆಮಣ್ಣಿನ ಅಂಕಣದಲ್ಲಿ ಆಡುವುದು ಇದೊಂದೇ. ಸಿಂಗಲ್ಸ್‌ನಲ್ಲಿ 128 ಪುರುಷರು, 128 ಮಹಿಳೆಯರು ಇದೇ ಕೆಂಪು ನೆಲಕ್ಕೆ ಇಳಿಯುತ್ತಾರೆ. ಗೆದ್ದವರ ಹೆಸರು ನಮಗೆ ಬಾಯಿಪಾಠ. ಅವರನ್ನು ಸೋಸಿ ತೆಗೆಯುವ ನೆಲದ ಪರಿಚಯ ಮಾತ್ರ ಕಡಿಮೆ.

ಟಿ.ವಿ.ಯಲ್ಲಿ ಕಾಣುವ ಆ ಕೆಂಪು ಬರೀ ಮೇಲಿನ ಲೇಪ. ಇಟ್ಟಿಗೆಯನ್ನು ನುಣ್ಣಗೆ ಪುಡಿಮಾಡಿ ಒಂದೆರಡು ಮಿಲಿಮೀಟರ್ ದಪ್ಪಕ್ಕೆ ಹರಡಿರುತ್ತಾರೆ, ಅಷ್ಟೇ. ಅದರಡಿ ಪುಡಿಮಾಡಿದ ಬಿಳಿ ಸುಣ್ಣಕಲ್ಲಿನ ಪದರ. ಚೆಂಡು ಪುಟಿಯುವುದು ನಿಜವಾಗಿ ಇದರ ಬಲದಿಂದ. ಅದರ ಕೆಳಗೆ ಸುಟ್ಟ ಕಲ್ಲಿದ್ದಲಿನ ಕಿಟ್ಟ, ಆಮೇಲೆ ಜಲ್ಲಿ, ಎಲ್ಲಕ್ಕಿಂತ ಕೆಳಗೆ ದಪ್ಪ ಕಲ್ಲುಗಳು. ಮಳೆನೀರು ಇಂಗಿಹೋಗಬೇಕು, ಆದರೆ ಸುಣ್ಣಕಲ್ಲು ಪೂರ್ತಿ ಒಣಗಬಾರದು. ಒಣಗಿದರೆ ಅದು ಬಿರುಕು ಬಿಡುತ್ತದೆ, ಮೇಲಿನ ಪುಡಿ ಗಾಳಿಗೆ ಹಾರುತ್ತದೆ. ಹಾಗಾಗಿ ಈ ಅಂಕಣವನ್ನು ಕಾಯುವ ಕೆಲಸವೆಂದರೆ ಮುಖ್ಯವಾಗಿ ನೀರಿನ ಅಂದಾಜು. ರಾತ್ರಿ ಹದವಾಗಿ ನೆನೆಸಬೇಕು, ಪಂದ್ಯಗಳ ನಡುವೆ ಚಿಮುಕಿಸಬೇಕು, ಸೆಟ್ ಮುಗಿದಾಗ ಬಲೆ ಎಳೆದು ಪುಡಿಯನ್ನು ಸಮಮಾಡಬೇಕು, ಬಿಳಿ ಗೆರೆಗಳನ್ನು ಗುಡಿಸಬೇಕು. ಮೋಡ, ಬಿಸಿಲು, ಗಾಳಿ ನೋಡಿಕೊಂಡು ಇವತ್ತು ಎಷ್ಟು ನೀರು ಎಂದು ನಿರ್ಧರಿಸಲು ಅನುಭವಿ ಕಣ್ಣೇ ಬೇಕು. ಈ ಕೆಲಸಗಾರರ ಹೆಸರು ಯಾವ ಫಲಕದಲ್ಲೂ ಬರುವುದಿಲ್ಲ. ಆದರೆ ಅವರ ಕೈತಪ್ಪಿದರೆ ವಿಶ್ವದ ಮೊದಲ ಶ್ರೇಯಾಂಕದ ಆಟಗಾರನೂ ಜಾರಿ ಬೀಳುತ್ತಾನೆ.

ಟೆನಿಸ್‌ಗೆ ಇಟ್ಟಿಗೆ ಪುಡಿ ಬಂದ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. 1880ರ ಸುಮಾರಿಗೆ ಇಂಗ್ಲೆಂಡಿನ ರೆನ್‌ಷಾ ಸಹೋದರರು ದಕ್ಷಿಣ ಫ್ರಾನ್ಸಿನ ಕಾನ್‌ನಲ್ಲಿ ಆಡುತ್ತಿದ್ದರು. ಬಿಸಿಲಿಗೆ ಹುಲ್ಲು ಸುಟ್ಟುಹೋಗದಿರಲೆಂದು, ಹತ್ತಿರದ ವಾಲೊರಿಸ್ ಊರಿನ ಕುಂಬಾರರ ಒಡೆದ ಮಡಕೆಗಳನ್ನು ಪುಡಿಮಾಡಿಸಿ ಅಂಕಣದ ಮೇಲೆ ಹರಡಿದರಂತೆ.

ಈ ಪುಡಿ ಆಟವನ್ನೇ ಬದಲಿಸುತ್ತದೆ. ನೆಲಕ್ಕೆ ಬಡಿದ ಚೆಂಡನ್ನು ಅದು ಹಿಡಿದು ನಿಧಾನಗೊಳಿಸಿ ಎತ್ತರಕ್ಕೆ ಎಬ್ಬಿಸುತ್ತದೆ. ಹುಲ್ಲಿನ ಮೇಲೆ ಏಸ್ ಆಗುತ್ತಿದ್ದ ಸರ್ವ್ ಇಲ್ಲಿ ಮರಳಿ ಬರುತ್ತದೆ. ಒಂದು ಪಾಯಿಂಟ್ ಗೆಲ್ಲಲು ಮೂರು ಸಲ ಗೆಲ್ಲಬೇಕಾಗುತ್ತದೆ. ಓಡಿ ಬಂದು ನಿಲ್ಲುವ ಹಾಗಿಲ್ಲ. ಚೆಂಡು ಕೈಗೆಟುಕುವ ಮೊದಲೇ ಜಾರಲು ಶುರುಮಾಡಿ, ಹೊಡೆಯುವ ಹೊತ್ತಿಗೆ ಕಾಲು ಊರಿರಬೇಕು. 14 ಗ್ರ್ಯಾನ್‌ಸ್ಲಾಮ್ ಗೆದ್ದ ಪೀಟ್ ಸಾಂಪ್ರಾಸ್‌ಗೆ ಇಲ್ಲಿ ಫೈನಲ್‌ಗೂ ಬರಲಾಗಲಿಲ್ಲ. ಸ್ಪೇನಿನ ರಫೆಲ್ ನಡಾಲ್ ಇದೇ ನೆಲದಲ್ಲಿ 14 ಸಲ ಚಾಂಪಿಯನ್ ಆದರು. ಇಲ್ಲಿ ಆಡಿದ 116 ಪಂದ್ಯಗಳಲ್ಲಿ ಅವರು ಸೋತದ್ದು ನಾಲ್ಕರಲ್ಲಿ ಮಾತ್ರ. ಯಾವ ಆಟದಲ್ಲೂ ಒಬ್ಬ ಮನುಷ್ಯ ಮತ್ತು ಒಂದು ನೆಲ ಇಷ್ಟು ಒಗ್ಗಿಕೊಂಡದ್ದನ್ನು ನಾನು ಕಾಣೆ. ಮಹಿಳೆಯರಲ್ಲಿ ಕ್ರಿಸ್ ಎವರ್ಟ್ ಏಳು ಸಲ ಗೆದ್ದಿದ್ದಾರೆ.

ನನಗೆ ತುಂಬ ಇಷ್ಟವಾದ ನೋಟ ಇನ್ನೊಂದಿದೆ. ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಅನುಮಾನ ಬಂದಾಗ ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು ಬಂದು, ಬಗ್ಗಿ, ಆ ಗುರುತನ್ನು ಬೆರಳಿನಿಂದ ತೋರಿಸಿ ತೀರ್ಪು ಕೊಡುತ್ತಾರೆ. ಉಳಿದ ಮೂರೂ ಗ್ರ್ಯಾನ್‌ಸ್ಲಾಮ್‌ಗಳು ಗೆರೆಯ ತೀರ್ಪನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೂ, 2025ರಲ್ಲಿ ಇಲ್ಲಿ ಲೈನ್ ಅಂಪೈರ್‌ಗಳೇ ಇದ್ದರು. ಇದು ಹೀಗೆಯೇ ಉಳಿಯಲಿ.

ಫ್ರಾನ್ಸಿನ ಈ ಚಾಂಪಿಯನ್‌ಷಿಪ್ ಪುರುಷರಿಗೆ 1891ರಲ್ಲಿ, ಮಹಿಳೆಯರಿಗೆ 1897ರಲ್ಲಿ ಶುರುವಾಯಿತು. 1925ರವರೆಗೆ ಫ್ರೆಂಚ್ ಕ್ಲಬ್‌ಗಳ ಸದಸ್ಯರಿಗಷ್ಟೇ ಪ್ರವೇಶವಿತ್ತು. ಈಗಿನ ಕ್ರೀಡಾಂಗಣ ಕಟ್ಟಿದ್ದು 1928ರಲ್ಲಿ. ಹಿಂದಿನ ವರ್ಷ ಬೊರೊಟ್ರಾ, ಬ್ರೂನ್ಯೊನ್, ಕೊಶೆ, ಲಾಕೊಸ್ಟ್ ಎಂಬ ನಾಲ್ವರು ಅಮೆರಿಕವನ್ನು ಸೋಲಿಸಿ ಡೇವಿಸ್ ಕಪ್ ತಂದಿದ್ದರು. ಅದನ್ನು ತವರಿನಲ್ಲಿ ಉಳಿಸಿಕೊಳ್ಳಲು ದೊಡ್ಡ ಅಂಗಣ ಬೇಕಾಗಿತ್ತು. ಹೆಸರು ಸಿಕ್ಕಿದ್ದು ಟೆನಿಸ್ ಆಟಗಾರನಿಂದಲ್ಲ. ರೋಲ್ಯಾಂಡ್ ಗ್ಯಾರೋಸ್ ವಿಮಾನ ಚಾಲಕ. 1913ರಲ್ಲಿ ಮೆಡಿಟರೇನಿಯನ್ ಸಮುದ್ರವನ್ನು ಮೊದಲ ಬಾರಿಗೆ ಎಲ್ಲೂ ಇಳಿಯದೆ ಹಾರಿ ದಾಟಿದವನು, 1918ರ ಅಕ್ಟೋಬರ್‌ನಲ್ಲಿ ತನ್ನ ಮೂವತ್ತನೇ ಹುಟ್ಟುಹಬ್ಬದ ಹಿಂದಿನ ದಿನ ಯುದ್ಧದಲ್ಲಿ ಸತ್ತವನು. 1968ರಲ್ಲಿ, ಮುಷ್ಕರಗಳಿಂದ ಪ್ಯಾರಿಸ್ ಸ್ತಬ್ಧವಾಗಿದ್ದಾಗ, ವೃತ್ತಿಪರರಿಗೂ ಬಾಗಿಲು ತೆರೆದ ಮೊದಲ ಗ್ರ್ಯಾನ್‌ಸ್ಲಾಮ್ ಇಲ್ಲೇ ನಡೆಯಿತು.

ಮಹಿಳೆಯರ ಹೆಸರುಗಳನ್ನೂ ಈ ಅಂಗಣ ಹೊತ್ತಿದೆ. ಎರಡನೇ ದೊಡ್ಡ ಅಂಕಣ ಸುಜಾನ್ ಲೆಂಗ್ಲೆನ್ ಅವರದು. ಮಹಿಳಾ ಸಿಂಗಲ್ಸ್ ಟ್ರೋಫಿಗೂ ಅವರದೇ ಹೆಸರು. 2019ರಲ್ಲಿ ಒತೈ ಸಸ್ಯೋದ್ಯಾನದ ಗಾಜಿನ ಮನೆಗಳ ನಡುವೆ ತೆರೆದ ಹೊಸ ಅಂಕಣಕ್ಕೆ ಸಿಮೋನ್ ಮಥ್ಯೂ ಅವರ ಹೆಸರಿಟ್ಟರು. 1938, 1939ರಲ್ಲಿ ಚಾಂಪಿಯನ್ ಆದ ಆಕೆ, ಹಿಟ್ಲರನ ಸೇನೆ ಫ್ರಾನ್ಸನ್ನು ಆಕ್ರಮಿಸಿದಾಗ ಲಂಡನ್ನಿನಲ್ಲಿ ಫ್ರೆಂಚ್ ಮಹಿಳಾ ಸ್ವಯಂಸೇವಕಿಯರ ಪಡೆ ಕಟ್ಟಿದರು. 2007ರಿಂದ ಬಹುಮಾನದ ಹಣವೂ ಸಮಾನ. ಆದರೂ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. 2021ರಲ್ಲಿ ಶುರುವಾದ ರಾತ್ರಿಯ ಪಂದ್ಯದಲ್ಲಿ ದಿನಕ್ಕೆ ಒಂದೇ ಆಟ. 2024, 2025ರಲ್ಲಿ ಒಂದು ರಾತ್ರಿಯೂ ಮಹಿಳೆಯರಿಗೆ ಸಿಗಲಿಲ್ಲ. ಮಹಿಳೆಯರ ಪಂದ್ಯ ಮೂರು ಸೆಟ್‌ಗಳದ್ದು, ಬೇಗ ಮುಗಿದರೆ ಟಿಕೆಟ್ ಕೊಂಡವರಿಗೆ ನಷ್ಟ ಎಂಬುದು ಸಂಘಟಕರ ವಾದ. ಹಾಗಿದ್ದರೆ ರಾತ್ರಿ ಎರಡು ಪಂದ್ಯ ಇಡಲಿ. ಇಗಾ ಶ್ವಾಂಟೆಕ್ ನಾಲ್ಕು ಸಲ ಗೆದ್ದ ನೆಲದಲ್ಲಿ ಈ ನೆಪ ಸಲ್ಲದು.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರಿಗೆ ಮೊದಲ ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಕೊಟ್ಟದ್ದೂ ಇದೇ ಇಟ್ಟಿಗೆ ಪುಡಿ. 2017ರ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಕೆನಡಾದ ಗೇಬ್ರಿಯೇಲಾ ದಬ್ರೊವ್‌ಸ್ಕಿ ಜತೆ ಮೊದಲ ಸೆಟ್ ಕಳೆದುಕೊಂಡು, ಕೊನೆಯ ಟೈಬ್ರೇಕ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, 12–10ರಿಂದ ಗೆದ್ದರು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1997ರಲ್ಲಿ, ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿ ಜತೆ ಇದೇ ಪ್ರಶಸ್ತಿ ಗೆದ್ದು, ಗ್ರ್ಯಾನ್‌ಸ್ಲಾಮ್ ಗೆದ್ದ ಮೊದಲ ಭಾರತೀಯರಾದರು.

2025ರ ಪುರುಷರ ಫೈನಲ್ 5 ಗಂಟೆ 29 ನಿಮಿಷ ನಡೆಯಿತು. ಮೂರು ಚಾಂಪಿಯನ್‌ಷಿಪ್ ಪಾಯಿಂಟ್ ಎದುರಿಸಿ ಕಾರ್ಲೊಸ್ ಅಲ್ಕರಾಜ್, ಯಾನಿಕ್ ಸಿನ್ನರ್ ಅವರನ್ನು ಸೋಲಿಸಿದರು. ಅಂಥದ್ದಕ್ಕೆ ಕೊನೆಯ ಭಾನುವಾರದವರೆಗೆ ಕಾಯಬೇಕಿಲ್ಲ. ಪ್ಯಾರಿಸ್ಸಿನ ಬೆಳಗಿನ 11 ಗಂಟೆ ನಮ್ಮ ಮಧ್ಯಾಹ್ನದ ಎರಡೂವರೆ. ಮುಂದಿನ ಮೇ ಕೊನೆಯಲ್ಲಿ ಮೊದಲ ವಾರದ ಪಂದ್ಯಗಳನ್ನು ನೋಡಿ, ಚೆಂಡಿನ ಜತೆಗೆ ಆಟಗಾರರ ಪಾದಗಳನ್ನೂ ಗಮನಿಸಿ.