ಗೋಡೆಗೆ ‘ಸದ್ದಲೇ’ ಎನ್ನಲಾಗದು

ಅಭ್ಯಾಸ ಬೋಧನೆಗೆಂದು ಮೈಲಾರದ ಕಡೆಯ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ‘ಶಬ್ದ’ ಪಾಠ ಮಾಡುತ್ತಿದ್ದೆ. ಬಾವಲಿ ಪ್ರತಿಧ್ವನಿಯಿಂದ ದಾರಿ ಹುಡುಕುತ್ತದೆ, ರೋಬೋಟ್‌ಗೂ ಅದು ಸಾಧ್ಯ ಎಂದು ಹೇಳಿ ಮುಂದಿನ ಅಂಶಕ್ಕೆ ಹೋಗುವವಳಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತ.

“ಟೀಚರ್, ಗ್ವಾಡಿ, ಗಿಡ ಎಲ್ಲಾದರಿಂದಾನೂ ಸದ್ದು ವಾಪಸ್ ಬರ್ತೈತಲ್ರೀ. ಯಾವ್ದು ಯಾವ್ದಂತ ಹೆಂಗ್ ಗೊತ್ತಾಗ್ತೈತ್ರೀ? ಕಾರ್ಣಿಕದಾಗ ಗೊರವಯ್ಯ ‘ಸದ್ದಲೇ’ ಅಂದ್ರ ಮಂದಿ ಸುಮ್ನಾಗ್ತಾರ. ಗ್ವಾಡಿ ಸುಮ್ನಾಗಂಗಿಲ್ಲಲ್ರೀ.”

ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದೆ. ಹುಡುಕಿ ಓದಿದಾಗ, ಅವನು ಕೇಳಿದ್ದು ಸಂಶೋಧಕರೇ ಹಿಡಿದು ಕೂತ ಪ್ರಶ್ನೆ ಎಂದು ತಿಳಿಯಿತು.

ಮರುದಿನ ಪಠ್ಯಪುಸ್ತಕದ ಚಟುವಟಿಕೆಯಿಂದಲೇ ಶುರುಮಾಡಿದೆ: ಗೋಡೆಯೆದುರು ಎರಡು ರಟ್ಟಿನ ಕೊಳವೆ, ಒಂದರ ಬಾಯಿಗೆ ಗಡಿಯಾರ, ಇನ್ನೊಂದಕ್ಕೆ ಕಿವಿ. ಕೊಳವೆ ಸ್ವಲ್ಪ ಓರೆಯಾದರೂ ಟಿಕ್ ಟಿಕ್ ಕ್ಷೀಣಿಸಿತು. ಚಪ್ಪಟೆ ಗೋಡೆ ಶಬ್ದವನ್ನು ಒಂದೇ ದಿಕ್ಕಿಗೆ ಕಳಿಸುತ್ತದೆ. ಹಾರುವ ಬಾವಲಿಗಾಗಲಿ ಚಲಿಸುವ ರೋಬೋಟ್‌ಗಾಗಲಿ ಅದು ನಂಬಿಕಸ್ಥ ಗುರುತಲ್ಲ.

ಕ್ಯೂಬಾದ ಮಾರ್ಕ್‌ಗ್ರೇವಿಯಾ ಈವೇನಿಯಾ ಎಂಬ ಬಳ್ಳಿ ಇದಕ್ಕೆ ಉಪಾಯ ಕಂಡುಕೊಂಡಿದೆ. ಅದರ ಹೂಗೊಂಚಲಿನ ಮೇಲೆ ಬಟ್ಟಲಿನಂಥ ಎಲೆಯಿದೆ. ಬಾವಲಿ ಎತ್ತಲಿಂದ ಬಂದರೂ ಆ ಎಲೆಯ ಪ್ರತಿಧ್ವನಿ ಜೋರಾಗಿರುತ್ತದೆ, ಅದರ ದನಿಯೂ ಹೆಚ್ಚು ಬದಲಾಗದು. ಅಂಥ ಎಲೆಯಿದ್ದಾಗ ಬಾವಲಿಗಳು ಮಕರಂದವನ್ನು ಸುಮಾರು ಅರ್ಧ ಸಮಯದಲ್ಲೇ ಪತ್ತೆಮಾಡಿದವೆಂದು ರಾಲ್ಫ್ ಸೈಮನ್ ಮತ್ತು ಸಂಗಡಿಗರು 2011ರಲ್ಲಿ ವರದಿ ಮಾಡಿದರು. ಇಂಥ ಹೂಎಲೆಗಳ ಮಾದರಿಯ ಪ್ರತಿಫಲಕಗಳನ್ನು ಗುರುತಾಗಿಟ್ಟು, ಶಬ್ದದಿಂದಲೇ ರೋಬೋಟ್ ದಾರಿ ಹಿಡಿಯುವುದನ್ನು 2020ರಲ್ಲಿ ತೋರಿಸಿದರು. ಧೂಳು, ಕತ್ತಲಲ್ಲಿ ಕ್ಯಾಮೆರಾ ಸೋಲುವೆಡೆ ಇದು ಉಪಯುಕ್ತ. ಜಾತ್ರೆಯಲ್ಲಿ ಭಂಡಾರ ತೂರಿದಾಗ ಎದುರಿನವರೂ ಕಾಣದಿರುವುದನ್ನು ನೆನಪಿಸಿದೆ; ಬೇರೆ ವಿವರಣೆ ಬೇಕಾಗಲಿಲ್ಲ.

ಒಬ್ಬಳು ಬಿಸಿಯೂಟದ ಸ್ಟೀಲ್ ಬಟ್ಟಲು ತಂದು ಗೋಡೆಗೆ ಹಿಡಿದಳು. ಏನೂ ವ್ಯತ್ಯಾಸ ಕೇಳಲಿಲ್ಲ. ಪ್ರಯೋಗ ಕೆಟ್ಟಿತೆಂದು ಮುಖ ಸಣ್ಣದಾಯಿತು, ಅವಳದೂ ನನ್ನದೂ. ಆಮೇಲೆ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದೆವು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನಮಗೆ ಕೇಳುವ 3,400 ಹರ್ಟ್ಸ್‌ನ ತರಂಗದೂರ 10 ಸೆಂ.ಮೀ., ಹೆಚ್ಚುಕಡಿಮೆ ಬಟ್ಟಲಿನಷ್ಟೇ. ಒಂದು ಲಕ್ಷ ಹರ್ಟ್ಸ್‌ನದು 3.4 ಮಿ.ಮೀ. ಅಷ್ಟು ಸಣ್ಣ ತರಂಗಕ್ಕಷ್ಟೇ ಬಟ್ಟಲಿನ ಒಳವಕ್ರತೆ ಚೆನ್ನಾಗಿ ‘ಕಾಣುವುದು’. ವಾರವಿಡೀ ಸೂತ್ರವಾಗಿಯೇ ಉಳಿದಿದ್ದ ತರಂಗದೂರ ಅಂದು ಮಕ್ಕಳ ಕೈಗೆ ಸಿಕ್ಕಿತು.

ಕೊನೆಗೆ ಟಾರ್ಚ್ ಬಿಟ್ಟು, ಕನ್ನಡಿಯನ್ನೂ ಸೈಕಲ್ಲಿನ ಹಿಂಬದಿಯ ಕೆಂಪು ಪ್ರತಿಫಲಕವನ್ನೂ ಓರೆ ಮಾಡಿ ತೋರಿಸಿದೆ. ಕನ್ನಡಿಯ ಬೆಳಕು ಬೇರೆಡೆ ಹೋಯಿತು, ಪ್ರತಿಫಲಕದ್ದು ನಮ್ಮತ್ತಲೇ ಬಂತು.

ಒಂದು ತಿದ್ದುಪಡಿ ಬಾಕಿಯಿತ್ತು. ನಮ್ಮ ಆಲದ ಮರಗಳಲ್ಲಿ ತೂಗುವ ದೊಡ್ಡ ಹಣ್ಣುಬಾವಲಿಗಳು ದಾರಿ ಹುಡುಕುವುದು ಕಣ್ಣು, ಮೂಗಿನಿಂದ. ಮೊದಲ ದಿನ ಎಲ್ಲ ಬಾವಲಿಗಳನ್ನೂ ಒಂದೇ ಮಾಡಿ ಹೇಳಿದ್ದೆ. ಅದನ್ನೂ ಒಪ್ಪಿಕೊಂಡು ತಿದ್ದಿಸಿದೆ.