ದೋಣಿ ಪಂದ್ಯದ ಫಲಿತಾಂಶ ಓದುವ ಬಗೆ

ಪಾಲಕೋಡಿನ ಸುತ್ತಿನ ನಮಗೆಲ್ಲ ದೋಣಿ ಎಂದರೆ ಹೊಗೇನಕಲ್ಲಿನ ಹರಿಗೋಲು; ತಮಿಳಿನಲ್ಲಿ ಪರಿಸಲ್ ಅನ್ನುತ್ತೇವಲ್ಲ, ಅದೇ. ಇಂಗ್ಲೆಂಡಿನ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯಗಳ ಕಾಲೇಜು ಮಕ್ಕಳು ನಡೆಸುವುದು ಬೇರೆ ಬಗೆಯ ದೋಣಿ. ಉದ್ದ, ತೆಳು. ಎಂಟು ಜನ ಹುಟ್ಟು ಹಾಕುತ್ತಾರೆ, ಅದೂ ಹೋಗುವ ದಿಕ್ಕಿಗೆ ಬೆನ್ನು ಮಾಡಿಕೊಂಡು! ಮುಂದೇನಿದೆ ಎಂದು ನೋಡುವವರು ಚುಕ್ಕಾಣಿ ಹಿಡಿದ ಒಂಬತ್ತನೆಯವರೊಬ್ಬರೇ.

ಈ ಪಂದ್ಯದ ಫಲಿತಾಂಶದಲ್ಲಿ ನಿಮಿಷ, ಸೆಕೆಂಡುಗಳ ಲೆಕ್ಕವೇ ಇರುವುದಿಲ್ಲ. ಏಕೆಂದರೆ ಅಲ್ಲಿ ನದಿ ಕಿರಿದು, ಹತ್ತಾರು ದೋಣಿ ಅಕ್ಕಪಕ್ಕ ಓಡಲಾರವು. ಆದ್ದರಿಂದ ಒಂದರ ಹಿಂದೊಂದು, ನಡುವೆ ಸುಮಾರು ಒಂದೂವರೆ ದೋಣಿಯಷ್ಟು ಜಾಗ ಬಿಟ್ಟು ನಿಲ್ಲಿಸುತ್ತಾರೆ. ಗುಂಡು ಹಾರಿದೊಡನೆ ಎಲ್ಲವೂ ಹೊರಡುತ್ತವೆ. ಹಿಂದಿನದು ಮುಂದಿನದನ್ನು ಮುಟ್ಟಿದರೆ ಅದಕ್ಕೆ 'ಬಂಪ್'. ಮರುದಿನ ಆ ಎರಡೂ ಜಾಗ ಬದಲಿಸಿಕೊಳ್ಳುತ್ತವೆ. ಆಕ್ಸ್‌ಫರ್ಡಿನಲ್ಲಿ 1815ರಿಂದ, ಕೇಂಬ್ರಿಡ್ಜಿನಲ್ಲಿ 1827ರಿಂದ ಈ ಪದ್ಧತಿ ಇದೆ. ಕೇಂಬ್ರಿಡ್ಜಿನ 'ಮೇ ಬಂಪ್ಸ್' ನಡೆಯುವುದು ಜೂನ್ ತಿಂಗಳಲ್ಲಿ. ಹೆಸರನ್ನು ಯಾರೂ ತಿದ್ದಿಲ್ಲ.

ಪಂದ್ಯ ನಾಲ್ಕು ದಿನ. ಫಲಿತಾಂಶದ ಹಾಳೆಯಲ್ಲಿ ಎಡಗಡೆ ಮೊದಲ ದಿನ ನಿಂತ ಕ್ರಮದಲ್ಲಿ ಕಾಲೇಜುಗಳ ಹೆಸರು, ಒಂದರ ಕೆಳಗೊಂದು. ಪ್ರತಿ ಹೆಸರಿನಿಂದ ಒಂದು ಗೆರೆ ಬಲಕ್ಕೆ ಹೊರಡುತ್ತದೆ. ಮುಟ್ಟಿದರೆ ಒಂದು ಮೆಟ್ಟಿಲು ಮೇಲೆ, ಮುಟ್ಟಿಸಿಕೊಂಡರೆ ಒಂದು ಕೆಳಗೆ, ಎರಡೂ ಇಲ್ಲದಿದ್ದರೆ ನೇರ. ಒಮ್ಮೊಮ್ಮೆ ಗೆರೆ ಒಂದೇ ದಿನ ಮೂರು ಮೆಟ್ಟಿಲು ಹಾರಿರುವುದು ಕಾಣುತ್ತದೆ. ತಪ್ಪು ಮುದ್ರಣವೆಂದುಕೊಳ್ಳಬೇಡಿ. ಮುಂದಿನ ಎರಡು ದೋಣಿಗಳು ತಮ್ಮತಮ್ಮಲ್ಲೇ ಮುಟ್ಟಿಕೊಂಡು ದಡ ಸೇರಿದ ಮೇಲೆ, ಹಿಂದಿನವರು ಅವುಗಳಾಚೆಯ ದೋಣಿಯನ್ನೇ ಅಟ್ಟಿ ಹಿಡಿದಿದ್ದಾರೆ ಎಂದರ್ಥ. ನಾಲ್ಕು ದಿನವೂ ಮೇಲೇರಿದವರಿಗೆ ಬಣ್ಣ ಬಳಿದ ಹುಟ್ಟಿನ ಗೌರವ. ನಾಲ್ಕು ದಿನವೂ ಇಳಿದವರಿಗೆ ಸಿಕ್ಕಿದ್ದು 'ಚಮಚ' ಎಂದು ಗೇಲಿ.

ಕೊನೆಯ ದಿನದ ಕ್ರಮ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ವರ್ಷದ ಪಂದ್ಯ ಅಲ್ಲಿಂದಲೇ ಶುರು. ಹಾಗಾಗಿ ಹೊಸದಾಗಿ ಸೇರಿದ ಹುಡುಗಿಗೆ, ತಾನು ಮುಖವನ್ನೇ ನೋಡದ ಹಿರಿಯರು ಗಳಿಸಿದ ಜಾಗ ಪಿತ್ರಾರ್ಜಿತ ಹೊಲದಂತೆ ಬರುತ್ತದೆ. ಅವರು ಕಳೆದಿದ್ದರೆ ಅದೂ ಅವಳ ಪಾಲಿಗೇ. ಕೊರೊನಾದಿಂದ 2020ರಲ್ಲಿ ಪಂದ್ಯ ನಿಂತಾಗಲೂ 2019ರ ಕ್ರಮವನ್ನು ಹಾಗೆಯೇ ಕಾಪಿಟ್ಟರು.

ಮುಟ್ಟುವುದೇ ಗೆಲುವಾದ ಈ ಆಟದಲ್ಲಿ ಅಪಾಯವೂ ಇದೆ. 1888ರಲ್ಲಿ ಕೇಂಬ್ರಿಡ್ಜಿನಲ್ಲಿ ಹಿಂದಿನ ದೋಣಿಯ ಚೂಪು ಮೂತಿ ಬಡಿದು ಹುಟ್ಟು ಹಾಕುತ್ತಿದ್ದ ವಿದ್ಯಾರ್ಥಿಯೊಬ್ಬ ಸತ್ತ. ಆಮೇಲೆ ಮೂತಿಗೆ ರಬ್ಬರ್ ಚೆಂಡು ಸಿಕ್ಕಿಸುವ ನಿಯಮ ಬಂತು. ಇಂಥ ದೋಣಿಯ ಚಿತ್ರ ಪತ್ರಿಕೆಯಲ್ಲಿ ಕಂಡರೆ ತುದಿಯನ್ನು ನೋಡಿ, ಆ ಪುಟ್ಟ ಚೆಂಡು ಇದ್ದೇ ಇರುತ್ತದೆ.